ಬಾಡಿಗೆ ಮನೆ, ಬ್ರೋಕರ್ ಮತ್ತು ಹದಿನಾಲ್ಕು ಲಕ್ಷದ ಲೀಸ್

ಪ್ರಶ್ನೆ: ನಾನು ದಾವಣಗೆರೆಯಲ್ಲಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಪುಣೆಯಲ್ಲಿದ್ದ ಮಗಳು, ಅಳಿಯ ಇಬ್ಬರಿಗೂ ಬೆಂಗಳೂರಿಗೆ ವರ್ಗವಾಗಿದೆ. ವೈಟ್‌ಫೀಲ್ಡ್ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ಬೇಕು. ಅವರಿಗೆ ರಜೆ ಸಿಗದ ಕಾರಣ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಬ್ಬ ಬ್ರೋಕರ್ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದ್ದಾನೆ. ಬಾಡಿಗೆ 28 ಸಾವಿರ, ಹತ್ತು ತಿಂಗಳ ಅಡ್ವಾನ್ಸ್, ಒಂದು ತಿಂಗಳ ಬಾಡಿಗೆ ಕಮಿಷನ್ ಅಂತೆ. ಇವತ್ತೇ 10 ಸಾವಿರ ಟೋಕನ್ ಹಾಕದಿದ್ದರೆ ಮನೆ ಬೇರೆಯವರಿಗೆ ಹೋಗುತ್ತದೆ ಎನ್ನುತ್ತಾನೆ. ಇನ್ನೊಂದು ಏಜೆನ್ಸಿಯವರು ಅಂಥದೇ ಮನೆಯನ್ನು 14 ಲಕ್ಷಕ್ಕೆ ಮೂರು ವರ್ಷ ಲೀಸ್‌ಗೆ ಕೊಡುತ್ತೇವೆ, ತಿಂಗಳ ಬಾಡಿಗೆಯೇ ಇಲ್ಲ, ಓನರ್ ಅಮೆರಿಕದಲ್ಲಿದ್ದಾರೆ, ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಎನ್ನುತ್ತಾರೆ. ನಿವೃತ್ತಿಯ ಹಣ ಬ್ಯಾಂಕಿನಲ್ಲಿದೆ, ಮೂರು ವರ್ಷದ ಮೇಲೆ ವಾಪಸ್ ಬರುವುದಾದರೆ ಲೀಸೇ ಲಾಭವಲ್ಲವೇ ಅನಿಸುತ್ತಿದೆ. ಯಾರನ್ನು ನಂಬಲಿ? ಏಜೆನ್ಸಿ ಇಲ್ಲದೆ ಹುಡುಕಲು ಸಾಧ್ಯವೇ?

ಉತ್ತರ:

ಮೇಷ್ಟ್ರೇ, ಮೊದಲು ಲೀಸ್ ವಿಷಯ ಮುಗಿಸಿಬಿಡೋಣ. ಆ 14 ಲಕ್ಷವನ್ನು ಆ ಏಜೆನ್ಸಿಗೆ ಕೊಡಬೇಡಿ. ಬ್ರೋಕರ್‌ನ ವಿಷಯ ಅಷ್ಟು ಭಯಂಕರವಲ್ಲ. ಅವನ ಜೊತೆ ವ್ಯವಹಾರ ಮಾಡಬಹುದು, ಆದರೆ ಅವನು ಹೇಳಿದ ಕ್ರಮದಲ್ಲಿ ಅಲ್ಲ.

ಲೀಸ್ ಏಕೆ ಬೇಡ ಎಂಬುದಕ್ಕೆ ಕಾನೂನಿಗಿಂತ ಮುಂಚೆ ಲೆಕ್ಕವೇ ಸಾಕು. ಆ ಮನೆಗೆ ತಿಂಗಳಿಗೆ 28 ಸಾವಿರ ಬಾಡಿಗೆ ಹುಟ್ಟುತ್ತದೆ ಎಂದರೆ ವರ್ಷಕ್ಕೆ 3.36 ಲಕ್ಷ. ಏಜೆನ್ಸಿ ನಿಮ್ಮಿಂದ ಬಾಡಿಗೆ ತೆಗೆದುಕೊಳ್ಳುವುದಿಲ್ಲ. ಆದರೆ ಮನೆ ಅವರದಲ್ಲವಲ್ಲ, ಓನರ್‌ಗೆ ಅವರು ತಿಂಗಳು ತಿಂಗಳು ಬಾಡಿಗೆ ಕೊಡಲೇಬೇಕು. ಈ ಹಣ ಎಲ್ಲಿಂದ ಬರಬೇಕು? ನಿಮ್ಮ 14 ಲಕ್ಷದಿಂದ. 14 ಲಕ್ಷದ ಮೇಲೆ ವರ್ಷಕ್ಕೆ 3.36 ಲಕ್ಷ ಹುಟ್ಟಬೇಕಾದರೆ ನೂರಕ್ಕೆ 24ರಂತೆ ಬಡ್ಡಿ ಬರಬೇಕು. ಬ್ಯಾಂಕಿನಲ್ಲಿಟ್ಟು ನೂರಕ್ಕೆ ಏಳು ಬಂತೆಂದುಕೊಳ್ಳಿ, ಆಗ ಸಿಗುವುದು 98 ಸಾವಿರ. ಉಳಿದ 2.38 ಲಕ್ಷಕ್ಕೆ ಅವರು ನಿಮ್ಮ ಅಸಲಿಗೇ ಕೈ ಹಾಕಬೇಕು, ಇಲ್ಲವೇ ನಿಮ್ಮ ಹಿಂದೆ ಬರುವ ಇನ್ನೊಂದು ಕುಟುಂಬದ ಲೀಸ್ ಹಣಕ್ಕೆ. ಕಚೇರಿ ಬಾಡಿಗೆ, ಹುಡುಗರ ಸಂಬಳ, ಅವರ ಲಾಭ ಇವೆಲ್ಲ ಬೇರೆ. ಹೊಸ ಗಿರಾಕಿಗಳು ಬರುತ್ತಿರುವವರೆಗೆ ಇದು ನಡೆಯುತ್ತದೆ. ಬರುವುದು ನಿಂತ ತಿಂಗಳು ಓನರ್‌ಗೆ ಬಾಡಿಗೆ ನಿಲ್ಲುತ್ತದೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೆ.

ಆಮೇಲಿನ ಕಥೆ ಬೆಂಗಳೂರಿನ ಪೊಲೀಸ್ ಠಾಣೆಗಳಿಗೆ ಹೊಸದಲ್ಲ. ನಾಲ್ಕೈದು ತಿಂಗಳ ಬಾಡಿಗೆ ಬಾರದ ಓನರ್ ಬಂದು ಬಾಗಿಲು ತಟ್ಟುತ್ತಾನೆ. ಒಳಗಿನವರು ‘ನಾವು 14 ಲಕ್ಷ ಕೊಟ್ಟಿದ್ದೇವೆ’ ಎನ್ನುತ್ತಾರೆ. ಅವನು ‘ನನಗೆ ಒಂದು ರೂಪಾಯಿಯೂ ಬಂದಿಲ್ಲ, ನಾನು ಆ ಕಂಪನಿಗೆ ಕೊಟ್ಟಿದ್ದು ತಿಂಗಳ ಬಾಡಿಗೆಗೆ’ ಎನ್ನುತ್ತಾನೆ. ಇಬ್ಬರು ಹೇಳುವುದೂ ನಿಜ. ಕಂಪನಿಯ ಕಚೇರಿಗೆ ಬೀಗ. ವಂಚನೆಯ ದೂರು ಕೊಡಬಹುದು, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಇರುವುದೇ ಅದಕ್ಕೆ. ಆದರೆ ಕೇಸ್ ದಾಖಲಾಗುವುದು ಬೇರೆ, ಹಣ ಕೈಗೆ ಬರುವುದು ಬೇರೆ. ಓನರ್ ನಿಮ್ಮ ಜೊತೆ ಯಾವ ಕರಾರನ್ನೂ ಮಾಡಿಕೊಂಡಿಲ್ಲವಾದ್ದರಿಂದ ಅವನ ಮೇಲೆ ಹಣ ಕೇಳುವ ದಾರಿಯೂ ಕಿರಿದು.

‘ಹಾಗಾದರೆ ಓನರ್ ನೇರವಾಗಿ ಕೊಟ್ಟರೆ?’ ಎಂದು ನೀವು ಕೇಳಬಹುದು. ಬೆಂಗಳೂರಿನಲ್ಲಿ ಲೀಸ್ ಎಂದರೆ ನಮ್ಮೂರುಗಳಲ್ಲಿ ಹೇಳುವ ಭೋಗ್ಯವೇ. ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಬಡ್ಡಿಯಿಲ್ಲದೆ ಗಂಟು ವಾಪಸ್ ಪಡೆಯುವುದು. ಹಳೆಯ ಬಡಾವಣೆಗಳಲ್ಲಿ ಎಷ್ಟೋ ಕುಟುಂಬಗಳು ಹೀಗೇ ನೆಮ್ಮದಿಯಾಗಿ ಬದುಕಿವೆ. ಆದರೂ ಅದೇ ಲೆಕ್ಕವನ್ನು ಓನರ್ ಕಡೆಯಿಂದ ಹಾಕಿ ನೋಡಿ. 14 ಲಕ್ಷಕ್ಕಾಗಿ ವರ್ಷಕ್ಕೆ 3.36 ಲಕ್ಷದ ಬಾಡಿಗೆ ಬಿಟ್ಟುಕೊಡುವವನು ನೂರಕ್ಕೆ 24ರ ಬಡ್ಡಿಗೆ ಸಾಲ ಮಾಡಿದ ಹಾಗಾಯಿತು. ಗೃಹಸಾಲ ಅದರ ಅರ್ಧಕ್ಕಿಂತ ಕಡಿಮೆ ಬಡ್ಡಿಗೆ ಸಿಗುವಾಗ ಇವನಿಗೇಕೆ ಈ ಕಷ್ಟ? ಬಹುಪಾಲು ಉತ್ತರ, ಬ್ಯಾಂಕು ಇನ್ನು ಸಾಲ ಕೊಡುತ್ತಿಲ್ಲ ಅಥವಾ ಕೊಟ್ಟ ಸಾಲದ ಕಂತು ಕಟ್ಟಲಾಗುತ್ತಿಲ್ಲ ಎಂಬುದೇ. ಕಂತು ತಪ್ಪಿದ ಮನೆಯನ್ನು 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಕೋರ್ಟಿನಲ್ಲಿ ದಾವೆ ಹೂಡದೆಯೇ ವಶಕ್ಕೆ ತೆಗೆದುಕೊಂಡು ಹರಾಜಿಗಿಡಬಹುದು. ಭೋಗ್ಯದವರು ಆಗ ಬಿಳಿ ಹಾಳೆಯ ಕರಾರು ಹಿಡಿದು ನಿಲ್ಲಬೇಕಾಗುತ್ತದೆ.

ಮುಂದೆ ಎಂದಾದರೂ ಲೀಸ್‌ಗೆ ಹೋಗುವುದಾದರೆ ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಭೋಗ್ಯ ಕಾನೂನಿನ ಕಣ್ಣಿಗೆ ಒಂದು ಬಗೆಯ ಅಡಮಾನ. ಒಂದು ವರ್ಷ ಮೀರಿದ ಗುತ್ತಿಗೆ ಎಂದು ಬರೆದರೂ ನೋಂದಣಿ ಕಡ್ಡಾಯ. ನೋಟರಿಯ ಕೆಂಪು ಮುದ್ರೆ ನೋಂದಣಿಯಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನೋಂದಣಿಯಾದ ಭೋಗ್ಯ ಆ ಆಸ್ತಿಯ ಋಣಭಾರ ಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ ಕಾಣಿಸುತ್ತದೆ. ಆಮೇಲೆ ಕೊಳ್ಳುವವನಾಗಲಿ, ಸಾಲ ಕೊಡುವ ಬ್ಯಾಂಕಾಗಲಿ ಗೊತ್ತಿರಲಿಲ್ಲ ಎನ್ನುವಂತಿಲ್ಲ. ‘ನೋಂದಣಿ ಖರ್ಚು ನಾನೇ ಕೊಡುತ್ತೇನೆ’ ಎಂದರೂ ಓನರ್ ಒಪ್ಪದಿದ್ದರೆ ಆ ಮನೆಯನ್ನು ಬಿಟ್ಟುಬಿಡಿ.

ಈಗ ಬ್ರೋಕರ್‌ಗೆ ಬರೋಣ.

ದಾವಣಗೆರೆಯಲ್ಲಿ ಕುಳಿತು, ಪುಣೆಯಲ್ಲಿರುವವರಿಗಾಗಿ ವೈಟ್‌ಫೀಲ್ಡಿನಲ್ಲಿ ಮನೆ ಹುಡುಕುವ ನಿಮಗೆ ಬ್ರೋಕರ್‌ನಿಂದ ಉಪಯೋಗವಿದೆ. ಆ ಕಡೆಯ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಎಷ್ಟೋ ಓನರ್‌ಗಳು ಊರಲ್ಲೇ ಇರುವುದಿಲ್ಲ. ಕೀಲಿ ಬ್ರೋಕರ್ ಹತ್ತಿರವೋ ಸೆಕ್ಯುರಿಟಿ ಹತ್ತಿರವೋ ಇರುತ್ತದೆ. ಜಯನಗರ, ಮಲ್ಲೇಶ್ವರ, ವಿಜಯನಗರಗಳಲ್ಲಾದರೆ ಭಾನುವಾರ ಬೆಳಗ್ಗೆ ಒಂದು ಸುತ್ತು ಹಾಕಿ ಗೇಟಿಗೆ ತೂಗುಹಾಕಿದ ಟು-ಲೆಟ್ ಬೋರ್ಡಿನ ನಂಬರ್‌ಗೆ ಫೋನ್ ಮಾಡಿದರೆ ಓನರೇ ಎತ್ತುತ್ತಾರೆ. ಬೀದಿಯ ಇಸ್ತ್ರಿ ಅಂಗಡಿಯವನಿಗೆ ಯಾವ ಮನೆ ಮುಂದಿನ ತಿಂಗಳು ಖಾಲಿಯಾಗುತ್ತದೆಂಬುದು ಬ್ರೋಕರ್‌ಗಿಂತ ಮೊದಲೇ ಗೊತ್ತಿರುತ್ತದೆ. ವೈಟ್‌ಫೀಲ್ಡಿನಲ್ಲಿ ಆ ಕೆಲಸ ಮಾಡುವುದು ಕಂಪನಿಯೊಳಗಿನ ನೌಕರರ ಗುಂಪುಗಳು. ಬಾಡಿಗೆ ಮನೆ ಬಿಟ್ಟುಹೋಗುವವರು ಮೊದಲು ಅಲ್ಲಿ ಹಾಕುತ್ತಾರೆ. ನಿಮ್ಮ ಮಗಳು, ಅಳಿಯ ತಮ್ಮ ತಮ್ಮ ಕಚೇರಿಯ ಗುಂಪಿನಲ್ಲಿ ಈ ವಾರವೇ ಒಂದು ಸಾಲು ಹಾಕಲಿ. ಅಲ್ಲಿ ಸಿಕ್ಕರೆ 28 ಸಾವಿರ ಉಳಿಯಿತು.

‘ಬ್ರೋಕರ್ ಇಲ್ಲ’ ಎನ್ನುವ ಆ್ಯಪ್‌ಗಳೂ ಇವೆ. ಬಳಸಿ, ತಪ್ಪೇನಿಲ್ಲ. ಅಲ್ಲಿ ಕಮಿಷನ್ ಬದಲು ನಂಬರ್ ನೋಡಲು ಮೊದಲೇ ಚಂದಾ ಕಟ್ಟಬೇಕಾಗುತ್ತದೆ, ಮನೆ ಸಿಗಲಿ ಬಿಡಲಿ. ಹಣ ವಾಪಸಾತಿಯ ಷರತ್ತನ್ನು ಕಟ್ಟುವ ಮುಂಚೆಯೇ ಓದಿಕೊಳ್ಳಿ. ಓನರ್ ಎಂದು ಹೆಸರು ಹಾಕಿಕೊಂಡು ಬ್ರೋಕರ್‌ಗಳೇ ಕುಳಿತಿರುವುದೂ ಉಂಟು. ‘ಈ ಮನೆ ಈಗಷ್ಟೇ ಹೋಯಿತು ಸರ್, ಅದೇ ರೋಡಲ್ಲಿ ಇನ್ನೊಂದಿದೆ’ ಎಂದು ಮಾತು ಶುರುವಾದರೆ ಅದು ಯಾರೆಂದು ಗೊತ್ತಾಯಿತಲ್ಲ.

ಬ್ರೋಕರ್ ಯಾರ ಪರ? ನೀವು ಹಣ ಕೊಡುತ್ತೀರಿ, ಆದ್ದರಿಂದ ನಿಮ್ಮ ಪರ ಎಂದುಕೊಳ್ಳುವುದು ಸಹಜ. ಓನರ್ ಅವನಿಗೆ ವರ್ಷ ವರ್ಷ ಗಿರಾಕಿ, ಕೆಲವೊಮ್ಮೆ ಅವರಿಂದಲೂ ಕಮಿಷನ್ ಬರುತ್ತದೆ, ಆದ್ದರಿಂದ ಅವರ ಪರ ಎಂದು ಅನುಭವಿಗಳು ಹೇಳುತ್ತಾರೆ. ನಾನು ಕಂಡಂತೆ ಅವನು ಇಬ್ಬರ ಪರವೂ ಅಲ್ಲ, ವ್ಯವಹಾರ ಕುದುರುವುದರ ಪರ. ಅದರಲ್ಲಿ ಮೋಸವೇನಿಲ್ಲ, ಅವನ ಕೂಲಿ ಹುಟ್ಟುವುದೇ ಹಾಗೆ. ಕಮಿಷನ್ ಕೈಸೇರುವ ಗಳಿಗೆಯವರೆಗೆ ಅವನು ನಿಮ್ಮ ಫೋನನ್ನು ಒಂದೇ ರಿಂಗಿಗೆ ಎತ್ತುತ್ತಾನೆ, ಓನರ್ ಹತ್ತಿರ ಬಾಡಿಗೆ ಇಳಿಸಲು ಮಾತಾಡುತ್ತಾನೆ, ನಲ್ಲಿ ಸೋರುತ್ತಿದ್ದರೆ ಪ್ಲಂಬರ್ ಕರೆಸುತ್ತಾನೆ. ಅದು ಮುಗಿದ ಮರುದಿನದಿಂದ ನಿಮ್ಮ ಮಾತಿಗೆ ಅಲ್ಲಿ ಬೆಲೆಯಿಲ್ಲ. ನಾನು ಮುಂದೆ ಹೇಳುವುದೆಲ್ಲ ಇದರಿಂದಲೇ ಹೊರಡುತ್ತದೆ. ಅವನಿಂದ ಆಗಬೇಕಾದ ಕೆಲಸವೆಲ್ಲ ಕಮಿಷನ್‌ಗೆ ಮುಂಚೆ ಆಗಬೇಕು, ಕಮಿಷನ್ ಎಲ್ಲಕ್ಕಿಂತ ಕೊನೆಗೆ ಹೋಗಬೇಕು.

ಅಂದಹಾಗೆ, ಬಾಡಿಗೆದಾರನೇ ಕಮಿಷನ್ ಕೊಡಬೇಕೆಂಬುದು ಎಲ್ಲ ಕಡೆಯ ನಿಯಮವಲ್ಲ. ಜರ್ಮನಿಯಲ್ಲಿ 2015ರ ಜೂನ್‌ನಿಂದ, ಬಾಡಿಗೆ ಮನೆಯ ಏಜೆಂಟನನ್ನು ಯಾರು ಗೊತ್ತುಮಾಡಿದರೋ ಅವರೇ ಹಣ ಕೊಡಬೇಕು. ಇಂಗ್ಲೆಂಡಿನಲ್ಲಿ 2019ರ ಕಾಯ್ದೆ ಏಜೆಂಟರು ಬಾಡಿಗೆದಾರರಿಂದ ಶುಲ್ಕ ಕೀಳುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. ನ್ಯೂಯಾರ್ಕ್ ನಗರವೂ 2025ರ ಜೂನ್‌ನಲ್ಲಿ ಅದೇ ದಾರಿ ಹಿಡಿಯಿತು. ನಮ್ಮಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಮಧ್ಯವರ್ತಿಗಳು ನೋಂದಾಯಿಸಿಕೊಳ್ಳಬೇಕು ಎನ್ನುತ್ತದೆ. ರಸ್ತೆಗಿಳಿದು ನೋಡಿದರೆ ಗೂಡಂಗಡಿಯಷ್ಟು ಜಾಗದಲ್ಲಿ ‘ಸೈಟ್, ಮನೆ, ಬಾಡಿಗೆ, ಲೀಸ್’ ಎಂದು ಬೋರ್ಡು ಹಾಕಿಕೊಂಡು ಕುಳಿತವರಲ್ಲಿ ಎಷ್ಟು ಜನ ಅದನ್ನು ಮಾಡಿಸಿದ್ದಾರೆ ಎಂದು ಕೇಳದಿರುವುದೇ ಮೇಲು. ಕೆಲವರು ‘ನಾವು ರೇರಾ ನೋಂದಾಯಿತರು’ ಎಂದು ಕಾರ್ಡು ಕೊಡುತ್ತಾರೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಇರುವುದು ಮಾರಾಟಕ್ಕೆ. ಬಾಡಿಗೆ ವ್ಯವಹಾರದಲ್ಲಿ ಏಜೆಂಟ್ ಕೈಕೊಟ್ಟರೆ ಆ ನಂಬರ್ ನಿಮ್ಮ ನೆರವಿಗೆ ಬರುವುದಿಲ್ಲ.

ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಎಂಬುದು ರೂಢಿ. ಹದಿನೈದು ದಿನದ್ದಕ್ಕೆ ಒಪ್ಪುವವರೂ ಇದ್ದಾರೆ, ಓನರ್ ಕಡೆಯಿಂದಲೂ ಸಿಗುವ ಮನೆಗಳಲ್ಲಂತೂ ಬೇಗ ಒಪ್ಪುತ್ತಾರೆ. ಕೇಳಿ, ಸಂಕೋಚ ಬೇಡ. ಕಮಿಷನ್ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಎಂದರೆ ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡಿ ಎನ್ನಿ. ನಂಬರ್ ಇಲ್ಲದವನು ಆ ತೆರಿಗೆ ವಸೂಲಿ ಮಾಡುವಂತಿಲ್ಲ. ಒಬ್ಬ ಬ್ರೋಕರ್ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ಫೋನ್ ಮಾಡಿ ಮನೆ ತೋರಿಸುವುದು ಮಾಮೂಲು. ಕೊನೆಗೆ ಗೇಟಿನ ಹತ್ತಿರ ಮೂವರು ನಿಂತಿರುತ್ತಾರೆ. ಅವರು ಎಷ್ಟು ಜನ ಹಂಚಿಕೊಂಡರೂ ನಿಮ್ಮ ಕೈಯಿಂದ ಹೋಗುವುದು ಒಂದೇ ಮೊತ್ತ, ಒಬ್ಬನಿಗೇ. ಹನ್ನೊಂದು ತಿಂಗಳಾದ ಮೇಲೆ ಕರಾರು ಮುಂದುವರಿಸಲು ಮತ್ತೆ ಅರ್ಧ ತಿಂಗಳ ಬಾಡಿಗೆ ಕೇಳುವ ಹೊಸ ಚಾಳಿಯೊಂದು ಶುರುವಾಗಿದೆ. ಅದಿಲ್ಲ ಎಂದು ಈಗಲೇ ಹೇಳಿಸಿಕೊಳ್ಳಿ.

ಟೋಕನ್ ವಿಚಾರ. ನೋಡದ ಮನೆಗೆ ಒಂದು ರೂಪಾಯಿಯೂ ಬೇಡ. ಫೋಟೊದಲ್ಲಿರುವ ಮನೆ ಇದೆಯೋ, ಇದ್ದರೂ ಖಾಲಿ ಇದೆಯೋ, ಖಾಲಿಯಿದ್ದರೂ ಅವನಿಗೆ ಕೊಡಲು ಹೇಳಿದ್ದಾರೋ, ಇದ್ಯಾವುದೂ ನಿಮಗೆ ಗೊತ್ತಿಲ್ಲ. ‘ಇವತ್ತೇ’ ಎಂಬ ಆತುರದಲ್ಲಿ ಸ್ವಲ್ಪ ನಿಜವೂ ಇರಬಹುದು, ಬೆಂಗಳೂರಿನಲ್ಲಿ ಒಳ್ಳೆಯ ಮನೆ ಎರಡು ದಿನ ನಿಲ್ಲುವುದಿಲ್ಲ. ಅದಕ್ಕೆ ಮದ್ದು ಬೇಗ ಹೋಗಿ ನೋಡುವುದು, ನೋಡದೆ ಹಣ ಹಾಕುವುದಲ್ಲ. ಅಪಾರ್ಟ್‌ಮೆಂಟಿನ ಒಳಗೆ ಬರಲು ಗೇಟ್ ಪಾಸ್ ಮಾಡಿಸಬೇಕು, ಎರಡೋ ಮೂರೋ ಸಾವಿರ ಹಾಕಿ, ಆಮೇಲೆ ವಾಪಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ವಂಚನೆ. ಮನೆ ನೋಡಲು ಬರುವವರಿಂದ ಯಾವ ಅಸೋಸಿಯೇಷನ್ನೂ ಹಾಗೆ ಹಣ ಕಟ್ಟಿಸಿಕೊಳ್ಳುವುದಿಲ್ಲ. ಸೇನೆಯಲ್ಲಿದ್ದೇನೆ, ವರ್ಗವಾಗಿದೆ ಎಂದು ಗುರುತಿನ ಚೀಟಿಯ ಫೋಟೊ ಕಳಿಸುವ ಓನರ್‌ಗಳ ಬಗ್ಗೆಯೂ ಹುಷಾರು. ಒಂದು ವೇಳೆ ಹಣ ಹೋಗಿಬಿಟ್ಟರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಇನ್ನೊಂದು ಖಾತೆಗೆ ಹಾರುವ ಮುಂಚೆ ತಡೆಹಿಡಿಯುವ ಸಾಧ್ಯತೆ ಇರುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ.

ನೋಡಿ, ಒಪ್ಪಿ, ಓನರ್ ಜೊತೆ ಮಾತಾಡಿದ ಮೇಲೆ ಟೋಕನ್ ಕೊಡಬಹುದು. ಅದು ಓನರ್ ಖಾತೆಗೆ ಹೋಗಲಿ. ‘ಇದು ಅಡ್ವಾನ್ಸಿನ ಭಾಗ, ಇಷ್ಟು ದಿನದೊಳಗೆ ಕರಾರು ಆಗದಿದ್ದರೆ ಪೂರ್ತಿ ವಾಪಸ್’ ಎಂದು ಅವರಿಂದ ಒಂದು ವಾಟ್ಸ್‌ಆ್ಯಪ್ ಸಂದೇಶ ಬರಲಿ.

ಓನರ್ ಎನ್ನುವವನು ಓನರೇ ಹೌದೇ ಎಂದು ನೋಡಲು ವಕೀಲರು ಬೇಕಿಲ್ಲ. ಆಸ್ತಿ ತೆರಿಗೆ ರಸೀದಿಯಲ್ಲಿ ಒಂದು ಹೆಸರಿರುತ್ತದೆ, ಬೆಸ್ಕಾಂ ಬಿಲ್ಲಿನಲ್ಲಿ ಒಂದು ಹೆಸರಿರುತ್ತದೆ, ಆಧಾರ್ ಕಾರ್ಡಿನಲ್ಲಿ ಒಂದು, ಅಡ್ವಾನ್ಸ್ ಹಾಕಲು ಕೊಟ್ಟ ಬ್ಯಾಂಕ್ ಖಾತೆಯಲ್ಲಿ ಒಂದು. ನಾಲ್ಕೂ ಒಂದೇ ಆಗಿದ್ದರೆ ಸರಿ. ಬಿಲ್ಲು ಬಿಲ್ಡರ್ ಹೆಸರಿನಲ್ಲೇ ಉಳಿದಿರುವುದು ಹೊಸ ಫ್ಲ್ಯಾಟುಗಳಲ್ಲಿ ಸಾಮಾನ್ಯ, ಅದಕ್ಕೆ ಗಾಬರಿ ಬೇಡ. ಆದರೆ ಬ್ಯಾಂಕ್ ಖಾತೆಯ ಹೆಸರು ಬೇರೆಯಾಗಿದ್ದರೆ ಹಣ ಹಾಕಬೇಡಿ. ಅಪಾರ್ಟ್‌ಮೆಂಟಾದರೆ ಅಸೋಸಿಯೇಷನ್ ಕಚೇರಿಯಲ್ಲಿ ಕುಳಿತಿರುವವರನ್ನು ಆ ಫ್ಲ್ಯಾಟ್ ಯಾರದು, ಮೆಂಟೆನೆನ್ಸ್ ಬಾಕಿ ಇದೆಯೇ ಎಂದು ಕೇಳಿ. ಬ್ರೋಕರ್‌ನ ಹೊಗಳಿಕೆಗಿಂತ ಅವರ ಒಂದು ಮಾತು ಹೆಚ್ಚು ಕೆಲಸಕ್ಕೆ ಬರುತ್ತದೆ.

ಓನರ್ ನಿಜವಾಗಿ ಅಮೆರಿಕದಲ್ಲಿದ್ದರೆ? ಅಂಥ ಮನೆಗಳು ಬೇಡವೆಂದಲ್ಲ. ವಿಡಿಯೊ ಕಾಲ್‌ನಲ್ಲಿ ಅವರ ಜೊತೆ ಮಗಳೇ ಮಾತಾಡಲಿ. ಇಲ್ಲಿ ಸಹಿ ಹಾಕುವ ಅಪ್ಪನೋ ತಮ್ಮನೋ ಪವರ್ ಆಫ್ ಅಟಾರ್ನಿ ತೋರಿಸಲಿ, ಅದರಲ್ಲಿ ಬಾಡಿಗೆಗೆ ಕೊಡುವ, ಅಡ್ವಾನ್ಸ್ ಪಡೆಯುವ ಅಧಿಕಾರ ಬರೆದಿರಬೇಕು. ಇನ್ನೊಂದು ವಿಷಯ ಬ್ರೋಕರ್‌ಗಳು ಬಾಯಿಬಿಡುವುದಿಲ್ಲ. ಇಲ್ಲಿ ನೆಲೆಸಿರುವ ಓನರ್‌ಗೆ ತಿಂಗಳಿಗೆ 50 ಸಾವಿರದವರೆಗೆ ಬಾಡಿಗೆ ಕೊಟ್ಟರೆ ಮೂಲದಲ್ಲೇ ತೆರಿಗೆ ಕಡಿತದ ತಲೆನೋವು ನಿಮಗಿಲ್ಲ. ಓನರ್ ಅನಿವಾಸಿಯಾದರೆ ಆ ಮಿತಿಯೇ ಇಲ್ಲ. ಬಾಡಿಗೆ ಎಷ್ಟೇ ಇರಲಿ, ಸಾಮಾನ್ಯವಾಗಿ ನೂರಕ್ಕೆ 30 ಮತ್ತು ಅದರ ಮೇಲಿನ ಸೆಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರನದು. ಕಟ್ಟದಿದ್ದರೆ ನೋಟಿಸ್ ಬರುವುದು ನಿಮ್ಮ ಅಳಿಯನ ಹೆಸರಿಗೆ. ಕಡಿಮೆ ಕಡಿತಕ್ಕೆ ಓನರ್ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬಹುದು, ತರಿಸಿಕೊಳ್ಳಿ. ನಿಮ್ಮವರು ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವವರಾದರೆ ಓನರ್‌ನ ಪ್ಯಾನ್ ನಂಬರ್ ಕೂಡ ಬೇಕು, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಕಂಪನಿ ಅದನ್ನು ಕೇಳುತ್ತದೆ. ಎಲ್ಲ ಮುಗಿದ ಮೇಲೆ ‘ಪ್ಯಾನ್ ಕೊಡಲ್ಲ’ ಎನ್ನುವ ಓನರ್‌ಗಳು ಬೇಕಾದಷ್ಟಿದ್ದಾರೆ, ಮೊದಲೇ ಕೇಳಿ.

ಹತ್ತು ತಿಂಗಳ ಅಡ್ವಾನ್ಸ್ ಬಗ್ಗೆ ‘ಕಾನೂನು ಏನು ಹೇಳುತ್ತದೆ’ ಎಂದು ಕೇಳುವವರು ಬಹಳ. 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿದೆ. ಇಂದು ಆ ಬಾಡಿಗೆಗೆ ಏನು ಸಿಗುತ್ತದೆ ಹೇಳಿ! ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎನ್ನುತ್ತದೆ, ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾಯ್ದೆಯಾಗಿ ತಂದರಷ್ಟೇ ಅದಕ್ಕೆ ಜೀವ. ಹಾಗಾಗಿ ಇದು ಪೂರ್ತಿ ಮಾತುಕತೆಯ ವಿಷಯ. ಹತ್ತು ತಿಂಗಳೆಂದರೆ 2.8 ಲಕ್ಷ. ಅಪಾರ್ಟ್‌ಮೆಂಟುಗಳಲ್ಲಿ ಐದಾರು ತಿಂಗಳಿಗೆ ಒಪ್ಪುವ ಓನರ್‌ಗಳು ಈಗ ಸಾಕಷ್ಟಿದ್ದಾರೆ. ಇಲ್ಲೇ ಬ್ರೋಕರ್‌ನನ್ನು ದುಡಿಸಿಕೊಳ್ಳಬೇಕು. ‘ಐದು ತಿಂಗಳಿಗೆ ಒಪ್ಪಿಸಿದರೆ ನಿನ್ನ ಕಮಿಷನ್ ಪೂರ್ತಿ, ಇಲ್ಲದಿದ್ದರೆ ಹದಿನೈದು ದಿನದ್ದು’ ಎನ್ನಿ. ಓನರ್ ಹತ್ತಿರ ನೀವು ಅರ್ಧ ಗಂಟೆ ಮಾತಾಡಿ ಆಗದ ಕೆಲಸವನ್ನು ಅವನು ಐದು ನಿಮಿಷದಲ್ಲಿ ಮಾಡಿಕೊಂಡು ಬರುತ್ತಾನೆ.

ಕೊಟ್ಟ ಅಡ್ವಾನ್ಸ್ ವಾಪಸ್ ಬರುವ ದಿನ ಮಾತ್ರ ಅವನು ಇರುವುದಿಲ್ಲ. ನನ್ನ ಬಳಿ ಬರುವ ಬಾಡಿಗೆ ಜಗಳಗಳಲ್ಲಿ ಬಹುತೇಕ ಆ ದಿನದವೇ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅದರ ಮೇಲೆ ಕ್ಲೀನಿಂಗ್, ಗೀಸರ್, ಕಿಚನ್ ಚಿಮಣಿ, ಗೋಡೆಗೆ ಹೊಡೆದ ಮೊಳೆ ಎಂದು ಪಟ್ಟಿ ಬೆಳೆಯುತ್ತದೆ. ಇದನ್ನು ಕರಾರಿನಲ್ಲೇ ಕಟ್ಟಿಹಾಕಬೇಕು. ಬ್ರೋಕರ್ ತರುವ ಅಚ್ಚಾದ ಕರಾರು ಕಲ್ಲಿನ ಶಾಸನವಲ್ಲ. ಸಹಿ ಹಾಕುವ ಹಿಂದಿನ ದಿನ ಫೋನಿಗೆ ಕಳಿಸಲು ಹೇಳಿ, ಕೂತು ಓದಿ, ತಿದ್ದಿಸಿ. ಮನೆ ಖಾಲಿ ಮಾಡಿ ಕೀಲಿ ಕೊಟ್ಟ ದಿನವೇ ಅಡ್ವಾನ್ಸ್ ವಾಪಸ್ ಎಂದಿರಲಿ. ‘ಸಮಂಜಸ ಅವಧಿಯಲ್ಲಿ’ ಎಂದಿದ್ದರೆ ಹೊಡೆದುಹಾಕಿಸಿ. ಪೇಂಟಿಂಗ್‌ಗೆ ಎಷ್ಟೆಂದು ಅಂಕಿಯಲ್ಲಿ ಇರಲಿ. ಉಳಿದ ಕಡಿತಕ್ಕೆ ಬಿಲ್ ತೋರಿಸಬೇಕು, ಬಳಕೆಯಿಂದ ಆಗುವ ಸಹಜ ಸವಕಳಿಗೆ ಹಣ ಹಿಡಿಯುವಂತಿಲ್ಲ ಎಂದಿರಲಿ. ಒಳಗೆ ಸಾಮಾನು ಇಳಿಸುವ ಮುಂಚೆ ಮಗಳು ಇಡೀ ಮನೆಯ ವಿಡಿಯೊ ಮಾಡಿ, ನಲ್ಲಿ, ಸ್ವಿಚ್ಚು, ಬಾಗಿಲಿನ ಬಿರುಕು ಎಲ್ಲ ಕಾಣುವಂತೆ, ಅದೇ ದಿನ ಓನರ್‌ಗೆ ಕಳಿಸಲಿ.

ಹನ್ನೊಂದೇ ತಿಂಗಳು ಏಕೆಂದರೆ ಒಂದು ವರ್ಷದ ಒಳಗಿನ ಕರಾರಿಗೆ ನೋಂದಣಿ ಬೇಕಿಲ್ಲ, ಅಷ್ಟೇ. ಇ-ಸ್ಟ್ಯಾಂಪ್ ಹಾಳೆಯಲ್ಲಿ ಎರಡು ಕಡೆಯ ಸಹಿ, ಇಬ್ಬರು ಸಾಕ್ಷಿಗಳು ಸಾಕು. ಲಾಕ್-ಇನ್ ಎಂಬ ಷರತ್ತು ಮಾತ್ರ ಎರಡು ಸಲ ಓದಿ. ಆರು ತಿಂಗಳ ಒಳಗೆ ಬಿಟ್ಟರೆ ಒಂದು ತಿಂಗಳ ಬಾಡಿಗೆ ದಂಡ ಎಂಬುದು ಒಪ್ಪತಕ್ಕದ್ದು, ಇಡೀ ಅಡ್ವಾನ್ಸ್ ಮುಟ್ಟುಗೋಲು ಎಂಬುದು ಅಲ್ಲ. ಇಬ್ಬರೂ ಕೆಲಸ ಬದಲಿಸುವ ವಯಸ್ಸಿನವರು.

ಮನೆ ನೋಡುವಾಗ ಬಣ್ಣ, ಬಾಲ್ಕನಿ ಬಿಡಿ, ನೀರು ಕೇಳಿ. ಅದೂ ಬ್ರೋಕರ್‌ನನ್ನಲ್ಲ, ಪಕ್ಕದ ಮನೆಯವರನ್ನು. 2024ರ ಬೇಸಿಗೆಯಲ್ಲಿ ಈ ಅಪಾರ್ಟ್‌ಮೆಂಟಿಗೆ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತಿತ್ತು ಎಂಬ ಒಂದೇ ಪ್ರಶ್ನೆ ಸಾಕು. ವೈಟ್‌ಫೀಲ್ಡ್ ಸುತ್ತಮುತ್ತ ಎಷ್ಟೋ ಕಡೆ ಬೋರ್‌ವೆಲ್ ಮತ್ತು ಟ್ಯಾಂಕರೇ ಗತಿ. ಟ್ಯಾಂಕರ್ ಖರ್ಚು ಮೆಂಟೆನೆನ್ಸಿನಲ್ಲಿ ಸೇರಿದೆಯೋ ಬೇರೆಯೋ ಎಂಬುದರ ಮೇಲೆ ತಿಂಗಳ ಲೆಕ್ಕವೇ ಬದಲಾಗುತ್ತದೆ. ನಗರಕ್ಕೆ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತಕ್ಕೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕಿತು ನಿಜ, ಆದರೆ ‘ಕಾವೇರಿ ಬಂದಿದೆ ಸರ್’ ಎಂದ ಕೂಡಲೇ ಈ ಕಟ್ಟಡಕ್ಕೆ ಸಂಪರ್ಕವಿದೆ ಎಂದುಕೊಳ್ಳಬೇಡಿ. ನೀರಿನ ಬಿಲ್ ತೋರಿಸಲಿ.

ಕರೆಂಟಿನದು ಇನ್ನೊಂದು ಸಣ್ಣ ತೊಡಕು. ಮನೆಗೆ ಸ್ವಂತ ಮೀಟರ್, ಆರ್.ಆರ್. ನಂಬರ್ (ಬಿಲ್ಲಿನಲ್ಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ಇದೆಯೇ ನೋಡಿ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಹಿಂದಿನ ಬಾಡಿಗೆದಾರನ ಆಧಾರ್ ಆ ಆರ್.ಆರ್. ನಂಬರ್‌ಗೆ ಜೋಡಣೆಯಾಗಿಯೇ ಉಳಿದಿದ್ದರೆ ಬಿಡಿಸದ ಹೊರತು ನಿಮ್ಮವರ ಹೆಸರಿಗೆ ಆಗುವುದಿಲ್ಲ. ಇಂಥ ಓಡಾಟದ ಕೆಲಸವನ್ನೂ ಬ್ರೋಕರ್‌ನಿಂದಲೇ, ಕೀಲಿಗೆ ಮುಂಚೆ ಮಾಡಿಸಿ.

ಕಮಿಷನ್ ಕೊಟ್ಟ ಮೇಲೂ ಅವನು ಮೋಸ ಮಾಡಿದ್ದಾನೆ ಎನಿಸಿದರೆ, ಉದಾಹರಣೆಗೆ ಮನೆ ಕೊಡಿಸದೆ ಹಣ ಇಟ್ಟುಕೊಂಡರೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಹಣ ಪಡೆದು ಸೇವೆ ಕೊಡುವವನು ಅವನು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ನಗದು ಕೊಟ್ಟು ರಸೀದಿ ಪಡೆಯದಿದ್ದರೆ ತೋರಿಸಲು ಏನೂ ಇರುವುದಿಲ್ಲ, ಆದ್ದರಿಂದ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ.

ಇವತ್ತು ಆ ಬ್ರೋಕರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಇಷ್ಟು ಕಳಿಸಿ: ‘ಶನಿವಾರ ಬಂದು ಮನೆ ನೋಡುತ್ತೇನೆ. ಹಿಡಿಸಿದರೆ ಅಲ್ಲಿಂದಲೇ ಓನರ್ ಜೊತೆ ಮಾತಾಡಿಸಿ. ಟೋಕನ್ ಮತ್ತು ಅಡ್ವಾನ್ಸ್ ಓನರ್ ಖಾತೆಗೆ ಹಾಕುತ್ತೇವೆ. ನಿಮ್ಮ ಕಮಿಷನ್ ಕರಾರಿಗೆ ಸಹಿಯಾಗಿ ಕೀಲಿ ಕೈಗೆ ಬಂದ ದಿನ, ಒಂದೇ ಸಲ, ನಿಮ್ಮೊಬ್ಬರಿಗೇ. ಕರಾರು ಮುಂದುವರಿಸುವಾಗ ಮತ್ತೆ ಕಮಿಷನ್ ಇಲ್ಲ. ಒಪ್ಪಿಗೆಯಾದರೆ ಹೌದು ಎಂದು ಉತ್ತರಿಸಿ.’ ಹೌದು ಎಂದರೆ ದಾವಣಗೆರೆಯಿಂದ ಬೆಳಗಿನ ರೈಲು ಹಿಡಿಯಿರಿ, ಅಂದೇ ಇನ್ನೂ ಎರಡು ಮೂರು ಮನೆ ತೋರಿಸಲು ಹೇಳಿ. ಉತ್ತರ ಬಾರದಿದ್ದರೆ ಬೇರೆಯವನನ್ನು ನೋಡಿ. ಬಿಡುವವರು ತಿಂಗಳ ಮೊದಲ ವಾರದಲ್ಲಿ ಓನರ್‌ಗೆ ಹೇಳುವುದು ಹೆಚ್ಚು. ಐದನೇ ತಾರೀಖಿನ ನಂತರ ಹೊಸ ಮನೆಗಳು ಬರುತ್ತಲೇ ಇರುತ್ತವೆ.